ಹುಡುಗಿಯರ ಕೈಗೆ ಮೋಟಾರುಗಾಡಿಯ ಮಾದರಿ

ಈಚೆಗೆ ನಮ್ಮಲ್ಲಿ ಚರ್ಚೆಗೆ ಬಂದಿರುವ ಒಂದು ವಿಷಯದ ಕುರಿತು ನನ್ನ ಅಭಿಪ್ರಾಯವನ್ನು ಬಿನ್ನವಿಸಬೇಕೆಂದಿದ್ದೇನೆ. ವಿಷಯವು ನೋಟಕ್ಕೆ ಚಿಕ್ಕದು. ಹೊರದೇಶದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಅಮೇರಿಕದ ಹಳೆಯ ಮೋಟಾರುಗಾಡಿಗಳ ಸಣ್ಣ ಮಾದರಿಗಳನ್ನು ಕಟ್ಟುವ ಹನ್ನೆರಡು ಪೆಟ್ಟಿಗೆಗಳನ್ನು ಶಾಲೆಗೆ ಕಾಣಿಕೆಯಾಗಿ ಕಳುಹಿಸಿದರು. ಅವುಗಳನ್ನು ಹಸ್ತಕೌಶಲದ ತರಗತಿಯಲ್ಲಿ ನಮ್ಮ ಹುಡುಗಿಯರ ಕೈಗೆ ಕೊಡಬೇಕೋ, ಇಲ್ಲವೆ ಹತ್ತಿರದ ಗಂಡುಹುಡುಗರ ಶಾಲೆಗೆ ಒಪ್ಪಿಸಿಬಿಡಬೇಕೋ ಎಂಬದೇ ಪ್ರಶ್ನೆ.

ಪಾಲಕರಲ್ಲಿ ಹಲವರು ಎರಡನೆಯದೇ ಲೇಸೆಂದು ಹೇಳುತ್ತಾರೆ. ಅವರು ಕೊಡುವ ಕಾರಣಗಳು ಮೂರು. ಮೊದಲನೆಯದು, ಇದು ಗಂಡುಹುಡುಗರ ಆಟ. ಎರಡನೆಯದು, ಇದರಿಂದ ಪರೀಕ್ಷೆಗಾಗಲಿ ಸಂಸಾರಕ್ಕಾಗಲಿ ಯಾವ ಪ್ರಯೋಜನವೂ ಇಲ್ಲ. ಮೂರನೆಯದು, ಪರದೇಶದ ಐಶ್ವರ್ಯವಂತರ ಗಾಡಿಗಳನ್ನು ಮಕ್ಕಳ ಕಣ್ಣಮುಂದೆ ಇಟ್ಟರೆ ಅವರಲ್ಲಿ ಡಂಭದ ಆಶೆ ಹುಟ್ಟೀತು. ಈ ಮಾತುಗಳನ್ನು ಹೇಳಿದವರು ಮಕ್ಕಳ ಹಿತವನ್ನೇ ಬಯಸುವವರಾದ್ದರಿಂದ ಅವುಗಳನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೂ ಆ ಪೆಟ್ಟಿಗೆಗಳು ನಮ್ಮ ಶಾಲೆಯಲ್ಲಿಯೇ ಇರತಕ್ಕವೆಂದು ನಾನು ದೃಢವಾಗಿ ನಂಬಿರುವದರಿಂದ ಅದಕ್ಕೆ ಕಾರಣಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಈ ಕೆಲಸವು ಎಂಥದೆಂಬದನ್ನು ತಿಳಿಯೋಣ. ಪೆಟ್ಟಿಗೆಯನ್ನು ತೆರೆದರೆ ಅದರಲ್ಲಿ ಗಾಡಿ ಇರುವದಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ತೊಟ್ಟಿನಿಂದ ಹತ್ತಿಕೊಂಡ ಕಾಯಿಗಳಂತೆ ನೂರಾರು ಬಿಡಿ ಭಾಗಗಳಿರುವವು. ಕಾಯಿಸಿ ಕರಗಿಸಿದ ಪಾಲಿಸ್ಟೈರೀನ್ ಎಂಬ ವಸ್ತುವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಈ ಭಾಗಗಳನ್ನು ಎರೆಯುತ್ತಾರೆ. ಅಮೇರಿಕದಲ್ಲಿ 1948ರಲ್ಲಿ ಸ್ಥಾಪಿತವಾದ ಎ.ಎಂ.ಟಿ. ಎಂಬ ಸಂಸ್ಥೆಯು ಮೊದಲು ಮೋಟಾರು ವ್ಯಾಪಾರಿಗಳು ಗಿರಾಕಿಗಳಿಗೆ ತೋರಿಸುವದಕ್ಕಾಗಿ ಸಿದ್ಧ ಮಾದರಿಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಅದು ಕೊಂಡವರೇ ಕಟ್ಟತಕ್ಕ ಪೆಟ್ಟಿಗೆಗಳನ್ನು ಹೊರಡಿಸಿತು. ಅವುಗಳ ಹೆಸರೇ ‘ಒಂದರಲ್ಲಿ ಮೂರು’ ಎಂಬರ್ಥದ್ದು. ಏಕೆಂದರೆ ಒಂದೇ ಪೆಟ್ಟಿಗೆಯ ಭಾಗಗಳಿಂದ ಗಾಡಿಯನ್ನು ಕಾರ್ಖಾನೆಯಿಂದ ಹೊರಟಿದ್ದ ರೂಪದಲ್ಲಿಯೇ ಕಟ್ಟಬಹುದು. ತನ್ನ ಇಷ್ಟದಂತೆ ಮಾರ್ಪಡಿಸಿ ಕಟ್ಟಬಹುದು. ಇಲ್ಲವೆ ಪಂದ್ಯದ ಗಾಡಿಯನ್ನಾಗಿ ಮಾಡಬಹುದು.

ಈ ಮಾದರಿಗಳಲ್ಲಿ ಬಹಳಷ್ಟು ನಿಜ ಗಾಡಿಯ ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಯವು. 1959ರ ಕ್ಯಾಡಿಲ್ಯಾಕ್ ಗಾಡಿಯು 225 ಅಂಗುಲ ಉದ್ದವಿತ್ತು. ಮಾದರಿಯು 9 ಅಂಗುಲ ಉದ್ದವಾಗುವದು. ಇದನ್ನು ಕೇಳಿದ ಹುಡುಗಿಯು, ಹಾಗಾದರೆ ಇಂಥ 25 ಮಾದರಿಗಳನ್ನು ಸೇರಿಸಿದರೆ ಒಂದು ಗಾಡಿಯಷ್ಟಾಗುವದೆಂದು ತಟ್ಟನೆ ಹೇಳಿಬಿಡುವಳು. ಉದ್ದದಲ್ಲಿ ಅದು ಸರಿಯೇ. ಆದರೆ ಗಾಡಿಯ ಮೈಗೆ ಬಳಿಯುವ ಬಣ್ಣದ ಹರಹನ್ನು ಲೆಕ್ಕ ಹಾಕಿದರೆ 625 ಮಾದರಿಗಳು ಬೇಕು. ಅದು ಆಕ್ರಮಿಸುವ ಸ್ಥಳವನ್ನು ತುಂಬಲು 15,625 ಮಾದರಿಗಳು ಬೇಕು. ಉದ್ದ, ವಿಸ್ತೀರ್ಣ, ಘನಫಲ ಈ ಮೂರು ಒಂದೇ ಪ್ರಮಾಣದಲ್ಲಿ ಬೆಳೆಯುವದಿಲ್ಲವೆಂಬ ಸಂಗತಿಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಾರಿ ಬರೆದರೂ ಮರೆಯುವ ಮಕ್ಕಳು, ಒಂದು ಸಲ ಮಾದರಿಯನ್ನು ಅಂಗೈಯಲ್ಲಿ ಹಿಡಿದು ಲೆಕ್ಕ ಹಾಕಿದರೆ ಮರೆಯಲಾರರೆಂದು ನನ್ನ ಎಣಿಕೆ.

ಬಣ್ಣದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ. ಬಣ್ಣದ ಲೇಪವು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ದಪ್ಪವಾದರೆ ನಿಜ ಗಾಡಿಯ ಮೇಲೆ ಅದು ಕಣ್ಣಿಗೆ ಗೋಚರವಾಗದು. ಅಷ್ಟೇ ದಪ್ಪದ ಲೇಪವನ್ನು ಮಾದರಿಯ ಮೇಲೆ ಬಳಿದರೆ, ದೊಡ್ಡ ಗಾಡಿಗೆ ಎರಡೂವರೆ ಮಿಲಿಮೀಟರು ದಪ್ಪ ಸಾರಣೆ ಮಾಡಿದಂತಾಗುವದು. ಬಾಗಿಲಿನ ಸಂದುಗಳೆಲ್ಲ ಮುಚ್ಚಿಹೋಗಿ, ಹೆಸರಿನ ಅಕ್ಷರಗಳು ಅಳಿಸಿಹೋಗುವವು. ಆದಕಾರಣ ಬಣ್ಣವನ್ನು ತೆಳುವಾಗಿ ಬೆರಸಿ, ಒಂದು ಲೇಪವು ಒಣಗುವ ತನಕ ಕಾದು, ನುಣುಪಾದ ಮರಳುಕಾಗದದಿಂದ ನೀರಿನೊಂದಿಗೆ ಉಜ್ಜಿ, ಮತ್ತೊಂದು ಲೇಪವನ್ನು ಕೊಡತಕ್ಕದ್ದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ನಮ್ಮ ಗಾದೆಯು ಇಲ್ಲಿ ಬೋಧಕರ ಬಾಯಿಂದ ಬರಬೇಕಾಗಿಲ್ಲ. ಅವಸರದ ಬೆರಳಿನ ಗುರುತು ಬಣ್ಣದ ಮೇಲೆ ಉಳಿದುಕೊಂಡು ತಾನೇ ಬುದ್ಧಿ ಹೇಳುವದು.

ಭಾಗಗಳನ್ನು ಕೂಡಿಸುವದರಲ್ಲಿಯೂ ಒಂದು ನಿಯಮವುಂಟು. ಇದಕ್ಕೆ ಬಳಸುವ ದ್ರವವು ಸಾಮಾನ್ಯವಾದ ಗೋಂದಿನಂತೆ ನಡುವೆ ನಿಂತು ಹಿಡಿಯುವಂಥದಲ್ಲ. ಅದು ಎರಡು ಅಂಚುಗಳನ್ನೂ ತುಸು ಕರಗಿಸಿ, ಆರಿದ ಮೇಲೆ ಅವುಗಳನ್ನು ಒಂದೇ ತುಂಡನ್ನಾಗಿ ಮಾಡುವದು. ಒಮ್ಮೆ ಕೂಡಿದ್ದನ್ನು ಬಿಡಿಸಬೇಕಾದರೆ ಮುರಿಯಲೇಬೇಕು. ಹೀಗಿರುವದರಿಂದ ದ್ರವವನ್ನು ಹಚ್ಚುವ ಮೊದಲು ಭಾಗಗಳನ್ನು ಒಣಗಿದ್ದಂತೆಯೇ ಜೋಡಿಸಿ ನೋಡಬೇಕು. ರವಿಕೆಯನ್ನು ಕತ್ತರಿಸಿ ಮೊದಲು ಕಚ್ಚಾಹೊಲಿಗೆ ಹಾಕಿ ಮೈಗೆ ಹಿಡಿದು ನೋಡುವ ನಮ್ಮ ಹುಡುಗಿಯರಿಗೆ ಈ ನಿಯಮವು ಹೊಸದಾಗಿ ತೋರದು. ಯಂತ್ರಕ್ಕೆ ಬಣ್ಣ ಹಾಕದೆ ಅದನ್ನು ಒಳಗೆ ಕೂಡ್ರಿಸಿದರೆ ಆಮೇಲೆ ಕುಂಚವು ಅಲ್ಲಿಗೆ ತಲಪದು. ಆಸನಗಳನ್ನು ಇಡುವ ಮೊದಲೇ ಮೇಲ್ಮೈಯನ್ನು ಮುಚ್ಚಿದರೆ ಆಸನಗಳು ಹೊರಗೇ ಉಳಿಯುವವು. ಯಾವದು ಮೊದಲು, ಯಾವದು ಆಮೇಲೆ ಎಂಬ ವಿವೇಚನೆಯು ಅಡಿಗೆಮನೆಯಿಂದ ಹಿಡಿದು ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯ ವರೆಗೂ ಬೇಕಾದದ್ದೇ ಅಲ್ಲವೇ?

ಇನ್ನು ಮಾರ್ಪಡಿಸುವ ಕೆಲಸ. ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಕ್ಯಾಲಿಫೋರ್ನಿಯ ಪ್ರಾಂತದ ತರುಣರು 1932ರ ಫೋರ್ಡ್, 1949ರ ಮರ್ಕ್ಯುರಿ ಮುಂತಾದ ಹಳೆಯ ಗಾಡಿಗಳನ್ನು ಅಗ್ಗವಾಗಿ ಕೊಂಡು, ಕತ್ತರಿಸಿ, ಬೆಸೆದು, ಹೊಸ ರೂಪ ಕೊಡುತ್ತಿದ್ದರು. ಲಾಸ್ ಏಂಜಲಿಸಿನ ಸುತ್ತಿನಲ್ಲಿ ಸ್ಯಾಮ್ ಬ್ಯಾರಿಸ್, ಜಾರ್ಜ್ ಬ್ಯಾರಿಸ್ ಎಂಬ ಸಹೋದರರು ಈ ವಿದ್ಯೆಯಲ್ಲಿ ಹೆಸರಾದರು. ಗಾಡಿಯ ಮೇಲ್ಛಾವಣಿಯನ್ನು ತಗ್ಗಿಸುವದು ಅವರ ಮುಖ್ಯವಾದ ಕೌಶಲಗಳಲ್ಲಿ ಒಂದು. ಕಂಬಗಳನ್ನು ನಾಲ್ಕು ಅಂಗುಲ ಕತ್ತರಿಸಿ ಛಾವಣಿಯನ್ನು ಕೆಳಕ್ಕಿಳಿಸಿದರೆ ಸಾಕೆಂದು ನಮಗೆ ತೋರುವದು. ಆದರೆ ಕಂಬಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿರುತ್ತವೆ. ಆದ್ದರಿಂದ ಕತ್ತರಿಸಿದ ಮೇಲೆ ಮೇಲಿನ ತುದಿಯೂ ಕೆಳಗಿನ ತುದಿಯೂ ಒಂದಕ್ಕೊಂದು ಸಂಧಿಸವು. ಛಾವಣಿಯನ್ನು ಉದ್ದ ಮಾಡಬೇಕು, ಇಲ್ಲವೆ ಕಂಬಗಳನ್ನು ಇನ್ನಷ್ಟು ವಾಲಿಸಬೇಕು. ಗಾಜುಗಳನ್ನೂ ಹೊಸದಾಗಿ ಕತ್ತರಿಸಬೇಕು. ಮಾದರಿಯಲ್ಲಿ ಈ ನಾಲ್ಕು ಅಂಗುಲವು ಸುಮಾರು ನಾಲ್ಕು ಮಿಲಿಮೀಟರು ಮಾತ್ರ; ಕಷ್ಟವಾದರೋ ಅದೇ. ಒಂದನ್ನು ಬದಲಾಯಿಸಿದರೆ ಅದಕ್ಕೆ ಸೇರಿದ ಹತ್ತನ್ನು ಬದಲಾಯಿಸಬೇಕಾಗುವದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಕರಣವು ನನಗೆ ತಿಳಿಯದು. ಇದ್ದದ್ದನ್ನು ಇದ್ದಂತೆ ಕಟ್ಟಲು ಬಲ್ಲವಳೇ ಅದನ್ನು ತಿದ್ದಲು ಬಲ್ಲಳು. ನಮ್ಮ ಹುಡುಗಿಯರಿಗೆ ನಾವು ವಿಧೇಯತೆಯನ್ನು ಬಹಳ ಕಲಿಸಿದ್ದೇವೆ. ಅದರ ಮೇಲೆ ಕಟ್ಟತಕ್ಕ ಸ್ವಂತ ಬುದ್ಧಿಯನ್ನು ಅಷ್ಟೇ ಶ್ರದ್ಧೆಯಿಂದ ಕಲಿಸಿದ್ದೇವೆಯೋ ಎಂಬದನ್ನು ಪ್ರತಿಯೊಂದು ಶಾಲೆಯೂ ಕೇಳಿಕೊಳ್ಳಬೇಕಾಗಿದೆ.

ಇಷ್ಟು ಹೇಳಿದರೂ, ಇದು ಗಂಡುಹುಡುಗರ ಆಟವೆಂಬ ಮೊದಲನೆಯ ಆಕ್ಷೇಪವು ಹಾಗೆಯೇ ನಿಂತಿರುವದು. ಅದಕ್ಕೆ ಉತ್ತರವು ಅಮೇರಿಕದ ಚರಿತ್ರೆಯಲ್ಲಿಯೇ ಇರುವದು. ಪಾಲಕರು ಇದನ್ನು ಸಾವಧಾನವಾಗಿ ಓದಬೇಕೆಂದು ಬೇಡುತ್ತೇನೆ.

ಜನರಲ್ ಮೋಟಾರ್ಸ್ ಸಂಸ್ಥೆಗೆ ಸೇರಿದ ಫಿಶರ್ ಬಾಡಿ ಎಂಬ ವಿಭಾಗವು 1930ರಲ್ಲಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಒಂದು ಸಂಘವನ್ನು ಸ್ಥಾಪಿಸಿತು. ಹದಿವಯಸ್ಸಿನವರು ತಮ್ಮ ಕೈಯಿಂದಲೇ ಮಾದರಿಗಳನ್ನು ಮಾಡಿ ಸ್ಪರ್ಧೆಗೆ ಕಳುಹಿಸತಕ್ಕದ್ದು. ಮೊದಲು ನೆಪೋಲಿಯನ್ ಚಕ್ರವರ್ತಿಯ ಕಾಲದ ಸಾರೋಟಿನ ಸಣ್ಣ ಪ್ರತಿಕೃತಿಯನ್ನು ಮಾಡಬೇಕಾಗಿತ್ತು. ಮರ, ಲೋಹ, ಬಟ್ಟೆ ಇವೆಲ್ಲವುಗಳ ಕೆಲಸವೂ ಅದರಲ್ಲಿ ಸೇರಿತ್ತು. 1937ರಿಂದ ಮೋಟಾರುಗಾಡಿಯ ಸ್ಪರ್ಧೆಯೂ ಆರಂಭವಾಯಿತು. ಅದರಲ್ಲಿ ಹುಡುಗನು ತಾನೇ ಕಲ್ಪಿಸಿದ ಗಾಡಿಯನ್ನು ಹನ್ನೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮರದಿಂದಲೋ ಗಾರೆಯಿಂದಲೋ ಕೆತ್ತಿ ಬಣ್ಣ ಹಚ್ಚಿ ಕಳುಹಿಸಬೇಕು. ಗೆದ್ದವರಿಗೆ 5,000 ಡಾಲರುಗಳ ವರೆಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನವು ದೊರೆಯುತ್ತಿತ್ತು. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ತರುಣನು ಅದೇ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸೇರಿ, 1986ರಿಂದ 1992ರ ವರೆಗೆ ಅದರ ವಿನ್ಯಾಸ ವಿಭಾಗಕ್ಕೆಲ್ಲ ಮುಖ್ಯಸ್ಥನಾಗಿದ್ದನು. ಹೀಗೆ ಮನೆಯ ಮೂಲೆಯಲ್ಲಿ ಮರದ ತುಂಡನ್ನು ಕೆತ್ತುತ್ತ ಕುಳಿತ ಹುಡುಗರು ಮುಂದೆ ಲಕ್ಷಾಂತರ ಜನರು ಏರುವ ಗಾಡಿಗಳನ್ನು ರೂಪಿಸಿದರು. 1968ರಲ್ಲಿ ಈ ಸ್ಪರ್ಧೆಯು ನಿಂತುಹೋಯಿತು.

ಈ ಸಂಘದಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಮೂವತ್ತೆಂಟು ವರ್ಷಗಳ ಕಾಲ ಬಾಗಿಲು ಗಂಡುಹುಡುಗರಿಗೆ ಮಾತ್ರ ತೆರೆದಿತ್ತು. ಯಾರೂ ಹುಡುಗಿಯರನ್ನು ದ್ವೇಷಿಸಿ ಹೀಗೆ ಮಾಡಿದರೆಂದು ನಾನು ಹೇಳುವದಿಲ್ಲ. ಇದು ಗಂಡುಹುಡುಗರ ಕೆಲಸವೆಂದು ಎಲ್ಲರೂ, ಹೆಣ್ಣುಮಕ್ಕಳ ತಂದೆತಾಯಿಗಳು ಕೂಡ, ಭಾವಿಸಿಕೊಂಡಿದ್ದರು, ಅಷ್ಟೇ ಸಾಕಾಯಿತು.

ಅದರ ಫಲವೇನಾಯಿತೆಂದು ನೋಡಿರಿ. 1950ರ ದಶಕದ ನಡುವಿನಲ್ಲಿ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ ಹಾರ್ಲೀ ಅರ್ಲ್ ಎಂಬವನು ಶಿಕ್ಷಣ ಪಡೆದ ಕೆಲವು ಮಂದಿ ಸ್ತ್ರೀಯರನ್ನು ವಿನ್ಯಾಸಕಾರ್ತಿಯರಾಗಿ ನೇಮಿಸಿದನು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅವರಿಗೆ ದೊರೆತದ್ದು ಬಹುಮಟ್ಟಿಗೆ ಗಾಡಿಯ ಒಳಭಾಗದ ಕೆಲಸ: ಆಸನದ ಬಟ್ಟೆ, ಬಣ್ಣಗಳ ಮೇಳ, ಸಾಮಾನು ಇಡುವ ಅನುಕೂಲ. ಗಾಡಿಯ ಹೊರಗಿನ ಆಕಾರವು ಗಂಡಸರ ಕೈಯಲ್ಲಿಯೇ ಉಳಿಯಿತು. ಪತ್ರಿಕೆಗಳಿಗಾಗಿ ಅವರಿಗೆ ‘ವಿನ್ಯಾಸದ ಕನ್ನೆಯರು’ ಎಂಬರ್ಥದ ಒಂದು ಬಿರುದನ್ನೂ ಕಟ್ಟಿದ್ದರು. 1958ರಲ್ಲಿ ಇವರು ಸಿದ್ಧಪಡಿಸಿದ ಗಾಡಿಗಳ ಪ್ರದರ್ಶನವು ನಡೆಯಿತು. ಅದರಲ್ಲಿ ರೂತ್ ಗ್ಲೆನ್ನೀ ಎಂಬಾಕೆಯು ಕಾರ್ವೆಟ್ ಗಾಡಿಯೊಂದಕ್ಕೆ ನಾಲ್ಕು ಋತುಗಳಿಗೆ ತಕ್ಕಂತೆ ಬದಲಿಸಬಹುದಾದ ನಾಲ್ಕು ಬಗೆಯ ಆಸನದ ಹೊದಿಕೆಗಳನ್ನು ಕಲ್ಪಿಸಿದ್ದಳು. ಅದೇ ವರ್ಷದ ಕೊನೆಯಲ್ಲಿ ಅರ್ಲನು ನಿವೃತ್ತನಾದ ಮೇಲೆ ಈ ಸ್ತ್ರೀಯರಿಗಿದ್ದ ಆಶ್ರಯವು ಕುಗ್ಗಿತು. ಸೂಸಾನ್ ವಾಂಡರ್‌ಬಿಲ್ಟ್ ಎಂಬಾಕೆಯು ಮಾತ್ರ 1977ರ ವರೆಗೂ ಅಲ್ಲಿಯೇ ನಿಂತು ಕೆಲಸ ಮಾಡಿದಳು.

ಬಟ್ಟೆಯ ಕೆಲಸವು ಕೀಳೆಂದು ನಾನು ಹೇಳುತ್ತಿಲ್ಲ. ಹೊಲಿಗೆಯನ್ನು ಕಲಿತೂ ಕಲಿಸಿಯೂ ಬಂದವಳು ಹಾಗೆ ಹೇಳಲಾರಳು. ನಾನು ಹೇಳುವದೇನಂದರೆ, ಹನ್ನೆರಡನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು ಮೂವತ್ತನೆಯ ವಯಸ್ಸಿನಲ್ಲಿಯೂ ಸುಲಭವಾಗಿ ತೆರೆಯದು. ಒಂದು ಕಡೆಯಲ್ಲಿ ಹುಡುಗನ ಕೈಗೆ ಉಳಿಯನ್ನೂ ಮರವನ್ನೂ ಕೊಟ್ಟು, ಬಹುಮಾನವನ್ನೂ ವಿದ್ಯಾರ್ಥಿವೇತನವನ್ನೂ ಇಟ್ಟು, ಇನ್ನೊಂದು ಕಡೆಯಲ್ಲಿ ಹುಡುಗಿಯು ಅದನ್ನು ಮುಟ್ಟದಂತೆ ಮಾಡಿ, ಆಮೇಲೆ ಹೆಂಗಸರಿಗೆ ಯಂತ್ರಗಳಲ್ಲಿ ಅಭಿರುಚಿಯಿಲ್ಲವೆಂದು ಹೇಳುವದು ನ್ಯಾಯವೇ? ನಾವು ಈ ಹನ್ನೆರಡು ಪೆಟ್ಟಿಗೆಗಳನ್ನು ಗಂಡುಹುಡುಗರ ಶಾಲೆಗೆ ಕಳುಹಿಸಿಬಿಟ್ಟರೆ, ಆ ದೊಡ್ಡ ಸಂಸ್ಥೆಯು ಮಾಡಿದ್ದನ್ನೇ ನಮ್ಮ ಸಣ್ಣ ಶಾಲೆಯಲ್ಲಿ ನಾವೂ ಮಾಡಿದಂತಾಗುವದು. ಅದನ್ನು ಹೆಣ್ಣುಮಕ್ಕಳ ಶಾಲೆಯೇ ಮಾಡಿತೆಂಬ ಅಪಕೀರ್ತಿಯೂ ಸೇರುವದು.

ನಮ್ಮ ಸತ್ಯವೇದವನ್ನು ಓದುವವರಿಗೆ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವು ತಿಳಿದಿರಬಹುದು. ಹೆಸರುಗಳ ಪಟ್ಟಿಯೆಂದು ಅನೇಕರು ಅದನ್ನು ದಾಟಿಹೋಗುತ್ತಾರೆ. ಯೆರೂಸಲೇಮಿನ ಬಿದ್ದ ಗೋಡೆಯನ್ನು ಯಾರು ಯಾರು ಯಾವ ಯಾವ ಭಾಗದಲ್ಲಿ ಕಟ್ಟಿದರೆಂಬ ಆ ಪಟ್ಟಿಯಲ್ಲಿ, ಶಲ್ಲೂಮನೆಂಬ ಅಧಿಪತಿಯು ತನ್ನ ಹೆಣ್ಣುಮಕ್ಕಳೊಡನೆ ಸೇರಿ ತನ್ನ ಪಾಲಿನ ಗೋಡೆಯನ್ನು ಜೀರ್ಣೋದ್ಧಾರ ಮಾಡಿದನೆಂದು ಹೇಳಿದೆ. ಇದು ಹೆಣ್ಣುಮಕ್ಕಳ ಕೆಲಸವೋ ಎಂದು ಅಲ್ಲಿ ಯಾರೂ ಕೇಳಿದಂತೆ ಕಾಣುವದಿಲ್ಲ; ಗೋಡೆ ಬಿದ್ದಿತ್ತು, ಕೈಗಳು ಬೇಕಾಗಿದ್ದವು. ನಮ್ಮ ನಾಡಿಗೆ ಬಂದ ಮಿಶನರಿಗಳು ಕೂಡ ಕೈಕೆಲಸವನ್ನು ಅಕ್ಷರಕ್ಕಿಂತ ಕೀಳೆಂದು ಎಣಿಸಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು ಎಲ್ಲರೂ ಬಲ್ಲ ಸಂಗತಿ. ಅಂಥ ಪರಂಪರೆಯಲ್ಲಿ ಬೆಳೆದ ಶಾಲೆಗಳು ಕೈಕೆಲಸದಲ್ಲಿ ಗಂಡು ಹೆಣ್ಣೆಂಬ ಗೆರೆಯನ್ನು ಎಳೆಯುವದಕ್ಕೆ ಮೊದಲು ಎರಡು ಸಲ ಯೋಚಿಸಬೇಕು.

ಎರಡನೆಯ ಆಕ್ಷೇಪಕ್ಕೆ, ಅಂದರೆ ಪ್ರಯೋಜನವಿಲ್ಲವೆಂಬದಕ್ಕೆ, ಮೇಲೆ ಹೇಳಿದ ಲೆಕ್ಕ, ತಾಳ್ಮೆ, ಕ್ರಮ, ವಿವೇಚನೆ ಇವುಗಳೇ ಉತ್ತರವೆಂದು ಭಾವಿಸುತ್ತೇನೆ. ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆ ಕಾಲದ ಅಮೇರಿಕದ ಗಾಡಿಗಳಲ್ಲಿ ಡಂಭವು ಬಹಳವಾಗಿತ್ತು. 1959ರ ಕ್ಯಾಡಿಲ್ಯಾಕಿನ ಹಿಂಭಾಗದಲ್ಲಿ ಮೀನಿನ ರೆಕ್ಕೆಗಳಂತೆ ಎದ್ದು ನಿಂತ ಲೋಹದ ಅಂಚುಗಳಿಂದ ಗಾಡಿಗೆ ಅಲಂಕಾರವಲ್ಲದೆ ಬೇರೆ ಲಾಭವಿರಲಿಲ್ಲ. ಆದರೆ ಅದನ್ನು ಕಟ್ಟುವ ಹುಡುಗಿಯು ಅಂದವನ್ನು ಮಾತ್ರ ನೋಡುವದಿಲ್ಲ, ಒಳಗನ್ನೂ ಕಾಣುವಳು. ಆಸನಗಳನ್ನು ಜೋಡಿಸುವಾಗ, ಇವುಗಳಿಗೆ ಸೊಂಟದ ಪಟ್ಟಿ ಎಲ್ಲಿ ಎಂದು ಕೇಳುವಳು. ಆಗ ಉಪಾಧ್ಯಾಯಿನಿಯು ಹೇಳತಕ್ಕದ್ದೇನಂದರೆ: ಆ ಗಾಡಿಯನ್ನು ಕೊಂಡವರಿಗೆ ಪಟ್ಟಿಯು ತಾನಾಗಿ ಸಿಕ್ಕುತ್ತಿರಲಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲನು ಅಮೇರಿಕದ ಗಾಡಿಗಳ ಅಪಾಯಗಳನ್ನು ಬಯಲಿಗೆಳೆದು ಪುಸ್ತಕ ಬರೆದನು. 1966ರಲ್ಲಿ ಸುರಕ್ಷತೆಯ ಕಾನೂನು ಆಯಿತು. 1968ರ ಗಾಡಿಗಳಿಂದ ಪಟ್ಟಿಯು ಕಡ್ಡಾಯವಾಯಿತು. ಹೊರಗೆ ಅಷ್ಟು ಹೊಳಪನ್ನು ಹಚ್ಚಿದ ಗಾಡಿಯೊಳಗೆ ಪ್ರಾಣವನ್ನು ಕಾಯುವ ಒಂದು ಮೊಳದ ಪಟ್ಟಿ ಇರಲಿಲ್ಲವೆಂದು ತನ್ನ ಕೈಯಿಂದಲೇ ತಿಳಿದ ಹುಡುಗಿಗೆ ಡಂಭದ ಮೇಲೆ ಆಶೆ ಹುಟ್ಟುವದೋ, ಇಲ್ಲವೆ ಹೊಳಪಿನ ಹಿಂದೆ ಏನಿದೆಯೆಂದು ನೋಡುವ ಕಣ್ಣು ಹುಟ್ಟುವದೋ, ಪಾಲಕರೇ ತೀರ್ಮಾನಿಸಲಿ.

ಆದರೂ ಕೆಲವು ಕಟ್ಟುಪಾಡುಗಳು ಅವಶ್ಯವೆಂದು ಒಪ್ಪುತ್ತೇನೆ. ಭಾಗಗಳನ್ನು ಕೂಡಿಸುವ ದ್ರವದ ಹಬೆಯೂ ಬಣ್ಣದ ಹಬೆಯೂ ಆರೋಗ್ಯಕ್ಕೆ ಒಳ್ಳೆಯದಲ್ಲ, ಚಾಕುಗಳು ಹರಿತವಾದವು. ಆದಕಾರಣ ಈ ಕೆಲಸವು ಎಂಟನೆಯ ಮತ್ತು ಒಂಭತ್ತನೆಯ ತರಗತಿಯವರಿಗೆ ಮಾತ್ರ, ಕಿಟಕಿಗಳನ್ನು ತೆರೆದಿಟ್ಟ ಕೋಣೆಯಲ್ಲಿ, ಉಪಾಧ್ಯಾಯಿನಿಯ ಕಣ್ಣೆದುರಿಗೆ ನಡೆಯತಕ್ಕದ್ದು. ಹೊಲಿಗೆಯ ವೇಳೆಯನ್ನು ಕಡಿಮೆ ಮಾಡದೆ ಶನಿವಾರದ ಹಸ್ತಕೌಶಲದ ಎರಡು ಅವಧಿಗಳನ್ನು ಇದಕ್ಕೆ ಇಡಬಹುದು. ಯಾರಿಗೂ ಬಲವಂತವಿಲ್ಲ, ಇಷ್ಟವುಳ್ಳವರು ಮಾತ್ರ ಸೇರಲಿ. ಮೂವರಿಗೆ ಒಂದು ಪೆಟ್ಟಿಗೆಯಂತೆ ಹಂಚಿ, ಮೊದಲು ಕಾರ್ಖಾನೆಯ ರೂಪದಲ್ಲಿಯೇ ಕಟ್ಟುವದನ್ನು ಕಲಿಸಿ, ತರುವಾಯ ಮಾರ್ಪಡಿಸುವ ಸ್ವಾತಂತ್ರ್ಯವನ್ನು ಕೊಡಬೇಕು.

ಇಂಥ ಪೆಟ್ಟಿಗೆಗಳು ಹೊರದೇಶದಿಂದ ಬರತಕ್ಕವಾದ್ದರಿಂದ ಬೆಲೆ ಹೆಚ್ಚು. ಇವು ಮುಗಿದ ಮೇಲೆ ಏನು ಮಾಡುವಿರೆಂದು ಕೆಲವರು ಕೇಳಿದ್ದಾರೆ. ಗಿಲ್ಡಿನ ಹುಡುಗರ ಮುಂದೆ ಅಚ್ಚಿನಲ್ಲಿ ಎರೆದ ಭಾಗಗಳೇನೂ ಇರಲಿಲ್ಲ. ಮರವೂ ಗಾರೆಯೂ ತಾಳ್ಮೆಯೂ ಇದ್ದವು. ಅಳತೆಯನ್ನೂ ಕ್ರಮವನ್ನೂ ಈ ಪೆಟ್ಟಿಗೆಗಳಿಂದ ಕಲಿತ ಮೇಲೆ ನಮ್ಮ ಹುಡುಗಿಯರು ರಟ್ಟಿನಿಂದಲೂ ಬೆಂಡಿನಿಂದಲೂ ತಮಗೆ ಬೇಕಾದದ್ದನ್ನು ಕಟ್ಟಲಿ. ಅದು ಅಮೇರಿಕದ ಗಾಡಿಯೇ ಆಗಬೇಕೆಂದಿಲ್ಲ. ದಿನವೂ ಅವರನ್ನು ಶಾಲೆಗೆ ಕರತರುವ ಬಸ್ಸಾಗಲಿ, ಅಜ್ಜನ ಮನೆಯ ಎತ್ತಿನ ಗಾಡಿಯಾಗಲಿ, ಅಳತೆಗೆ ತಪ್ಪದಂತೆ ಮಾಡಿದರೆ ಅದೇ ವಿದ್ಯೆ.

ಈ ವ್ಯವಸ್ಥೆಯನ್ನು ಬರುವ ಅವಧಿಯ ಆರಂಭದಿಂದ ಪ್ರಾರಂಭಿಸಬೇಕೆಂದು ನನ್ನ ಸಂಕಲ್ಪ. ಒಪ್ಪದ ಪಾಲಕರು ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಬರೆದು ತಿಳಿಸಲಿ. ಓದಿ ಉತ್ತರ ಕೊಡುವೆನು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಂತ್ರವಿದ್ಯೆಯನ್ನೋ ಶಿಲ್ಪವಿದ್ಯೆಯನ್ನೋ ಬಲ್ಲವರು ಶನಿವಾರದಲ್ಲಿ ಒಂದು ತಾಸು ಬಂದು ಈ ಮಕ್ಕಳ ಬಳಿಯಲ್ಲಿ ಕುಳಿತುಕೊಂಡರೆ ಬಹಳ ಉಪಕಾರವಾಗುವದು. ಪೆಟ್ಟಿಗೆಗಳನ್ನು ಇನ್ನೂ ತೆರೆದಿಲ್ಲ. ಕಚೇರಿಯ ಬೀರುವಿನಲ್ಲಿ ಇವೆ. ಅವುಗಳನ್ನು ಹುಡುಗಿಯರೇ ತೆರೆಯಲೆಂದು ನನ್ನ ಆಶೆ.